ನಾಲ್ಕು ದೇಶ ಆಡುವ ಆಟಕ್ಕೆ ವಿಶ್ವಕಪ್ ಯಾಕೆ?

ಒಂದು ಕಡೆ 175, ಇನ್ನೊಂದು ಕಡೆ 18. 2025ರ ಜನವರಿಯಲ್ಲಿ ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಮಹಿಳೆಯರು ತಮ್ಮ ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾವನ್ನು ಸೋಲಿಸಿದ್ದು ಈ ಅಂತರದಿಂದ. ಪುರುಷರಲ್ಲಿ 20, ಮಹಿಳೆಯರಲ್ಲಿ 19 ದೇಶಗಳ ತಂಡಗಳು ಬಂದಿದ್ದವು; ಬ್ರೆಜಿಲ್, ಪೆರುವಿನಂಥ ದೂರದ ದೇಶಗಳೂ ಇದ್ದವು. ಜನವರಿ 19ರಂದು ಎರಡೂ ಫೈನಲ್‌ಗಳಲ್ಲಿ ಎದುರಿಗಿದ್ದದ್ದು ನೇಪಾಳ. ಮಹಿಳೆಯರು 78–40ರಿಂದ, ಪುರುಷರು 54–36ರಿಂದ ಗೆದ್ದರು. ಆ ತಂಡಗಳಲ್ಲಿ ಕರ್ನಾಟಕದ ಇಬ್ಬರಿದ್ದರು: ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಮತ್ತು ಎಂ.ಕೆ. ಗೌತಮ್.

ಇಂಥ ಆಟಕ್ಕೆ ವಿಶ್ವಕಪ್ ಯಾಕೆ ಎಂಬ ಮಾತನ್ನು ಬೆಳಗಾವಿ ಜಿಲ್ಲೆಯ ನಮ್ಮ ಮೂಡಲಗಿ ಕಡೆ ಎತ್ತಿದರೆ ಎರಡು ಬಗೆಯ ಉತ್ತರ ಬರುತ್ತವೆ. ಜಂಗಿ ನಿಕಾಲಿ ಕುಸ್ತಿ ನೋಡಿ ಬೆಳೆದ ಹಿರಿಯರು ಅಂಕ ಕೇಳಿದ ಕೂಡಲೇ ತಲೆ ಅಲ್ಲಾಡಿಸುತ್ತಾರೆ: "ಜೋಡಿ ಸರಿ ಹಚ್ಚಲಿಲ್ಲಂದ್ರ ಅದೇನ್ ಕುಸ್ತಿ ಆತು ತಮ್ಮಾ? ಸುಮ್ನ ಕೆಡವಿ ಎದ್ದಂಗ." ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಆಡುವ ಹುಡುಗರದು ಇನ್ನೊಂದು ಲೆಕ್ಕ: "ಕಾಕಾ, ಇಂಡಿಯಾ ಅಂತ ಎದಿ ಮ್ಯಾಲ ಬರಕೊಂಡು ಆಡಾಕ ನಮಗ ಮತ್ತೆಲ್ಲಿ ಜಾಗ ಐತಿ?" ಎರಡರಲ್ಲೂ ಹುರುಳಿದೆ. ಅದಕ್ಕೇ ಈ ಲೇಖನ.

ನಮಗಿಂತ ಎಪ್ಪತ್ತು ವರ್ಷ ಮೊದಲೇ ಈ ಪ್ರಶ್ನೆಗೆ ಸಿಕ್ಕಿಕೊಂಡ ಆಟವೊಂದಿದೆ: ರಗ್ಬಿ ಲೀಗ್. ರಗ್ಬಿ ಎಂದರೆ ಒಂದೇ ಆಟ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ, ತಂಡಕ್ಕೆ 15 ಜನರ ಯೂನಿಯನ್ ಬೇರೆ, 13 ಜನರ ಲೀಗ್ ಬೇರೆ. ಲೀಗ್‌ನಲ್ಲಿ ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಹಿಡಿದು ಕೆಡವಬೇಕು. ಹೀಗೆ ಆರು ಸಲ ಹಿಡಿದರೆ ಚೆಂಡು ಎದುರಾಳಿಯ ಪಾಲು. ಅಷ್ಟರೊಳಗೆ ಗೆರೆ ದಾಟಬೇಕು, ಇಲ್ಲವೇ ಚೆಂಡನ್ನು ಒದ್ದು ದೂರ ಕಳಿಸಬೇಕು. ಹಿಡಿತವೇ ಆಟದ ಜೀವವಾದ್ದರಿಂದ ಕಬಡ್ಡಿಯಲ್ಲಿ ಕಾರ್ನರ್ ಕಾದವರಿಗೆ ಇದು ಬೇಗ ಅರ್ಥವಾಗುತ್ತದೆ.

ಈ ಆಟ ಹುಟ್ಟಿದ್ದು ಪಗಾರದ ಜಗಳದಲ್ಲಿ. ಉತ್ತರ ಇಂಗ್ಲೆಂಡಿನ ಗಿರಣಿ ಮತ್ತು ಗಣಿ ಊರುಗಳ ಕೂಲಿಕಾರರು ಶನಿವಾರ ಆಟಕ್ಕೆ ಹೋದರೆ ಅಷ್ಟು ಹೊತ್ತಿನ ಕೂಲಿ ಕಟ್ ಆಗುತ್ತಿತ್ತು. ಆ ನಷ್ಟ ಕೊಡಿ ಎಂದರೆ, ದುಡ್ಡು ಮುಟ್ಟಿದವನು ಆಟಗಾರನೇ ಅಲ್ಲ ಎನ್ನುತ್ತಿದ್ದರು ಲಂಡನ್ನಿನ ಸಾಹೇಬರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳು ಸೇರಿ ಬೇರೆಯಾದವು. ಕೆಲಸ ತಪ್ಪಿದ ದಿನಕ್ಕೆ ಆರು ಶಿಲಿಂಗ್‌ವರೆಗೆ ಕೊಡಬಹುದು ಎಂದು ಕಟ್ಟಳೆ ಮಾಡಿಕೊಂಡವು. 1880ರ ದಶಕದಿಂದ ನೂಲಿನ ಗಿರಣಿ ಕಂಡಿರುವ ಗೋಕಾಕದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವತ್ತಿಗೂ ನಮ್ಮ ಕಡೆ ಒಳ್ಳೆಯ ರೈಡರ್ ಅನ್ನಿಸಿಕೊಂಡ ಹುಡುಗ ಕಬ್ಬು ಕಡಿಯುವ ಹಂಗಾಮಿನಲ್ಲಿ ಪಂದ್ಯಾವಳಿಗೆ ಹೋಗಬೇಕಾದರೆ ಎರಡು ದಿನದ ಕೂಲಿ ಬಿಡಬೇಕು.

ಹೀಗೆ ಹುಟ್ಟಿದ ಆಟ ಹೆಚ್ಚು ದೂರ ಹರಡಲಿಲ್ಲ. ಆದರೂ 1954ರಲ್ಲಿ ಫ್ರೆಂಚ್ ಸಂಸ್ಥೆಯ ಮುಖ್ಯಸ್ಥ ಪೌಲ್ ಬಾರಿಯೇರ್ ಅವರ ಒತ್ತಾಯದಿಂದ ಫ್ರಾನ್ಸ್‌ನಲ್ಲಿ ವಿಶ್ವಕಪ್ ನಡೆದೇ ಬಿಟ್ಟಿತು. ತಂಡಗಳು ಎಷ್ಟು? ನಾಲ್ಕು. ಫ್ರಾನ್ಸ್, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಪ್ಯಾರಿಸ್‌ನ ಫೈನಲ್‌ನಲ್ಲಿ ಬ್ರಿಟನ್ 16–12ರಿಂದ ಫ್ರಾನ್ಸನ್ನು ಸೋಲಿಸಿತು. ಹೆಚ್ಚು ದೇಶಗಳಲ್ಲಿ ಆಡುವ ರಗ್ಬಿ ಯೂನಿಯನ್ ತನ್ನ ಮೊದಲ ವಿಶ್ವಕಪ್ ಮಾಡಿದ್ದು 1987ರಲ್ಲಿ. ಅಂದರೆ ಸಣ್ಣವರು ದೊಡ್ಡವರಿಗಿಂತ ಮೂವತ್ತಮೂರು ವರ್ಷ ಮೊದಲೇ ಕಪ್ಪು ಎತ್ತಿದ್ದರು. ಧೈರ್ಯ ಅನ್ನಿ, ಆಡಂಬರ ಅನ್ನಿ.

ಆಡಂಬರ ಎನ್ನುವವರ ಮಾತನ್ನು ಮೊದಲು ಕೇಳೋಣ, ಅವರ ಬಳಿ ಅಂಕಿ ಹೆಚ್ಚಿವೆ. 1954ರಿಂದ ಈಚೆಗೆ 16 ಟೂರ್ನಿಗಳಾಗಿವೆ. ಆಸ್ಟ್ರೇಲಿಯಾ 12, ಬ್ರಿಟನ್ 3, ನ್ಯೂಜಿಲೆಂಡ್ 1. ಎಪ್ಪತ್ತು ವರ್ಷದಲ್ಲಿ ನಾಲ್ಕನೆಯ ಹೆಸರು ಬರಲಿಲ್ಲ. 2000ದಲ್ಲಿ 16 ತಂಡಗಳನ್ನು ಕಲೆಹಾಕಿದರು. ಆಸ್ಟ್ರೇಲಿಯಾ ರಷ್ಯಾವನ್ನು 110–4ರಿಂದ ಸದೆಬಡಿಯಿತು. ಜನ ಬರಲಿಲ್ಲ, ದುಡ್ಡೂ ಬರಲಿಲ್ಲ, ಮುಂದಿನ ಕಪ್‌ಗೆ 2008ರವರೆಗೆ ಕಾಯಬೇಕಾಯಿತು. ಕಬಡ್ಡಿಯ ಕಥೆ ಇದರ ತಮ್ಮನ ಹಾಗಿದೆ. 2016ರ ಅಕ್ಟೋಬರಿನಲ್ಲಿ ಅಹಮದಾಬಾದ್‌ನಲ್ಲಿ 12 ದೇಶಗಳು ಸೇರಿದವು. ಭಾರತ ಅರ್ಜೆಂಟೀನಾವನ್ನು 74–20ರಿಂದ, ಇಂಗ್ಲೆಂಡನ್ನು 69–18ರಿಂದ ಸೋಲಿಸಿತು. ಸೆಮಿಫೈನಲ್‌ನಲ್ಲೂ ಥಾಯ್ಲೆಂಡ್ ಎದುರು 73–20. ಪಾಕಿಸ್ತಾನವನ್ನು ಕರೆದಿರಲೇ ಇಲ್ಲ. ಆ ಆಟದಲ್ಲಿ ಗಟ್ಟಿ ಎದುರಾಳಿಗಳು ನಾಲ್ಕೈದು. ಅವರಲ್ಲಿ ಒಬ್ಬರನ್ನು ಹೊರಗಿಟ್ಟು 'ವಿಶ್ವ' ಎಂದರೆ ಕೇಳಿದವರು ನಗದೆ ಇರುತ್ತಾರೆಯೇ?

ಎರಡನೆಯ ಆಕ್ಷೇಪ ಎರವಲು ಆಟಗಾರರದು. 2000ದ ರಗ್ಬಿ ಲೀಗ್ ವಿಶ್ವಕಪ್‌ಗೆ ಬಂದ ಲೆಬನಾನ್ ತಂಡ ಬಹುತೇಕ ಆಸ್ಟ್ರೇಲಿಯಾದಲ್ಲಿ ಬೆಳೆದ ಹುಡುಗರದು. ಅಜ್ಜ ಅಥವಾ ಅಜ್ಜಿ ಆ ದೇಶದವರಾಗಿದ್ದರೆ ಸಾಕು, ಆ ದೇಶಕ್ಕೆ ಆಡಬಹುದು ಎಂಬ ನಿಯಮ ಅಲ್ಲಿದೆ. ಕಬಡ್ಡಿ, ಖೋ ಖೋ ವಿಶ್ವಕಪ್‌ಗಳಲ್ಲೂ ಇಂಗ್ಲೆಂಡಿನಂಥ ತಂಡಗಳಲ್ಲಿ ಭಾರತೀಯ ಮೂಲದ ಹೆಸರುಗಳು ಕಾಣುತ್ತವೆ. 'ನಮ್ಮವರೇ ನಮ್ಮವರ ವಿರುದ್ಧ ಆಡಿ ಜಗತ್ತನ್ನು ಗೆದ್ದೆವು ಅಂತೀರಲ್ಲ' ಎಂಬ ಕುಟುಕು ಬಂದದ್ದು ಹೀಗೆ.

ಈ ಎರಡನೆಯ ಆಕ್ಷೇಪ ನನಗೆ ಅಷ್ಟು ಒಪ್ಪಿಗೆಯಿಲ್ಲ. ಯಾರು ಯಾವ ಊರಿಗೆ ಆಡಬೇಕು ಎಂಬ ತಕರಾರು ನಮ್ಮ ಹಳ್ಳಿಗಳಲ್ಲಿ ಹಳೆಯದು. ಕಲ್ಲೋಳಿ, ಯಾದವಾಡ, ಹಳ್ಳೂರಿನಂಥ ಊರುಗಳಲ್ಲಿ ಪಂದ್ಯಾವಳಿಯ ಕರಪತ್ರ ಅಚ್ಚಾಗುವಾಗಲೇ ಈ ಚರ್ಚೆ ಶುರುವಾಗುತ್ತದೆ. ಒಂದೇ ಊರಿನವರು ಇರಬೇಕೋ ಬೇಡವೋ, ಆಧಾರ್ ಕಾರ್ಡ್ ಕೇಳಬೇಕೋ, ಗಡಿ ಆಚೆಯ ಗಡಹಿಂಗ್ಲಜ, ಇಚಲಕರಂಜಿ ಕಡೆಯಿಂದ ಇಬ್ಬರನ್ನು ಕರೆತಂದರೆ ಆದೀತೋ. ಆದರೆ ತಾಯಿಯ ತವರೂರಿನ ತಂಡಕ್ಕೆ ಆಡಲು ಬಂದವನನ್ನು ಯಾರೂ ಬಾಡಿಗೆ ಆಟಗಾರ ಎನ್ನುವುದಿಲ್ಲ. ಸೋದರಮಾವನ ಊರು ಅವನಿಗೂ ಊರೇ. ಪೆಸಿಫಿಕ್ ದ್ವೀಪಗಳ ಜನರ ಲೆಕ್ಕವೂ ಅದೇ. ದುಡಿಯಲು ಆಕ್ಲೆಂಡಿಗೆ, ಸಿಡ್ನಿಗೆ ಹೋದ ಸಮೋವಾ, ಟೋಂಗಾ ಕುಟುಂಬಗಳ ಮಕ್ಕಳಿಗೆ ಅಜ್ಜಿಯ ದ್ವೀಪ ಪರದೇಶವಲ್ಲ.

2017ರಲ್ಲಿ ಅದು ಗೊತ್ತಾಯಿತು. ನ್ಯೂಜಿಲೆಂಡ್‌ಗೆ ಆಡುತ್ತಿದ್ದ ಜೇಸನ್ ಟೌಮಲೊಲೊ, ಆಸ್ಟ್ರೇಲಿಯಾಕ್ಕೆ ಆಡುತ್ತಿದ್ದ ಆಂಡ್ರ್ಯೂ ಫಿಫಿಟಾ ಇಬ್ಬರೂ ದೊಡ್ಡ ದೇಶದ ಅಂಗಿ ಬಿಟ್ಟು ಟೋಂಗಾ ಪರ ಬಂದರು. ಟೋಂಗಾ ನ್ಯೂಜಿಲೆಂಡನ್ನು 28–22ರಿಂದ ಸೋಲಿಸಿತು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು ಸೋತದ್ದು 20–18ರಿಂದ, ಎರಡೇ ಅಂಕ. ಅದೇ ಟೂರ್ನಿಯಲ್ಲಿ ಫಿಜಿ ಕೂಡ ನ್ಯೂಜಿಲೆಂಡನ್ನು 4–2ರಿಂದ ಮನೆಗೆ ಕಳಿಸಿತು. ಎರವಲು ಎನ್ನುವುದಾದರೆ ಈ ಎರವಲೇ ಆಟವನ್ನು ಮೂರು ದೇಶದ ಮುಷ್ಟಿಯಿಂದ ಬಿಡಿಸಿದ್ದು.

2022ರ ಕಥೆ ಇನ್ನೂ ಸೊಗಸು. ಕೋವಿಡ್‌ನಿಂದ ಒಂದು ವರ್ಷ ತಡವಾಗಿ ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್. ಮೊದಲ ಪಂದ್ಯದಲ್ಲಿ ಇಂಗ್ಲೆಂಡ್ 60, ಸಮೋವಾ 6. ಇದೇ ಸಾಕ್ಷಿ, ಈ ಕಪ್ ಸುಳ್ಳು ಎಂದು ಆ ರಾತ್ರಿ ಯಾರಾದರೂ ಬರೆದಿದ್ದರೆ ತಪ್ಪು ಎನ್ನಲಾಗುತ್ತಿರಲಿಲ್ಲ. ನಾಲ್ಕು ವಾರಗಳ ನಂತರ ಸೆಮಿಫೈನಲ್‌ನಲ್ಲಿ ಅದೇ ಎರಡು ತಂಡಗಳು ಮತ್ತೆ ಎದುರಾದವು. ಸಮಬಲವಾಗಿ, ಹೆಚ್ಚುವರಿ ಸಮಯಕ್ಕೆ ಹೋಗಿ, ಸ್ಟೀಫನ್ ಕ್ರೈಟನ್ ಒದ್ದ ಒಂದು ಅಂಕದಿಂದ ಸಮೋವಾ 27–26ರಿಂದ ಗೆದ್ದಿತು. ಫೈನಲ್‌ನಲ್ಲಿ ಆಸ್ಟ್ರೇಲಿಯಾ 30–10ರಿಂದ ಕಪ್ಪು ಒಯ್ದಿತು ಎನ್ನುವುದು ಬೇರೆ ಮಾತು. ಒಂದು ಪಂದ್ಯದ ಅಂಕ ನೋಡಿ ಇಡೀ ಟೂರ್ನಿಯ ಯೋಗ್ಯತೆ ಅಳೆಯಬಾರದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಅವರ ಬಳಿ ನಮ್ಮದೇ ಆದ ಇನ್ನೊಂದು ಉದಾಹರಣೆಯೂ ಇದೆ. 1975ರ ಮೊದಲ ಕ್ರಿಕೆಟ್ ವಿಶ್ವಕಪ್‌ನಲ್ಲಿ ಇದ್ದದ್ದು ಎಂಟೇ ತಂಡ. ಇಂಗ್ಲೆಂಡ್ 60 ಓವರುಗಳಲ್ಲಿ 334 ಹೊಡೆದರೆ ಭಾರತ ಅಷ್ಟೇ ಓವರುಗಳಲ್ಲಿ ಮಾಡಿದ್ದು 3 ವಿಕೆಟ್‌ಗೆ 132. ಆ ಸಲ ನಾವು ಗೆದ್ದದ್ದು ಈಸ್ಟ್ ಆಫ್ರಿಕಾ ಎದುರು ಮಾತ್ರ. 1979ರಲ್ಲಿ ಒಂದೂ ಗೆಲ್ಲಲಿಲ್ಲ, ಶ್ರೀಲಂಕಾ ಎದುರೂ ಸೋತೆವು. ಅಂದರೆ 1983ಕ್ಕೆ ಮೊದಲು, ಒಂದು ದಿನದ ಆಟದಲ್ಲಿ ಭಾರತಕ್ಕಿದ್ದ ಬೆಲೆ ಇವತ್ತು ಕಬಡ್ಡಿಯಲ್ಲಿ ಪೋಲೆಂಡ್‌ಗೆ ಇರುವಷ್ಟೇ. ಬೆಂಗಳೂರಿನ ರೋಜರ್ ಬಿನ್ನಿ 18 ವಿಕೆಟ್ ಕಿತ್ತು, ಕಪಿಲ್ ದೇವ್ ತಂಡ ಕಪ್ಪು ಎತ್ತಿದ ಮೇಲೆ ಏನಾಯಿತು ಎಂಬುದನ್ನು ಮೂಡಲಗಿಯ ಯಾವ ಗಲ್ಲಿಯಲ್ಲಿ ನಿಂತರೂ ಕಾಣಬಹುದು. ಕಟ್ಟಿಗೆ ತುಂಡೇ ಬ್ಯಾಟ್ ಆಗಿರುತ್ತದೆ. ಸೋಲುವವರನ್ನು ಕರೆಯಲೇಬಾರದು ಎಂದಿದ್ದರೆ 1983 ಬರುತ್ತಿರಲಿಲ್ಲ.

ಆದರೆ ಇಲ್ಲಿ ವಾದ ಸ್ವಲ್ಪ ಜಾರುತ್ತದೆ, ಹೇಳಿಬಿಡಬೇಕು. 1975ರ ಹೊತ್ತಿಗೆ ಭಾರತ ನಾಲ್ಕು ದಶಕಗಳಿಂದ ಟೆಸ್ಟ್ ಆಡುತ್ತಿತ್ತು. ರಣಜಿ ಟ್ರೋಫಿ ಇತ್ತು, ಅದರಲ್ಲಿ ಒಂದು ವರ್ಷ ಮೊದಲಷ್ಟೇ ಕರ್ನಾಟಕ ಮೊದಲ ಸಲ ಗೆದ್ದಿತ್ತು. ವಿಶ್ವಕಪ್ ಬಂದದ್ದು ಆಟ ಬೇರುಬಿಟ್ಟ ಮೇಲೆ. ಪೋಲೆಂಡ್‌ನಲ್ಲೋ ಅರ್ಜೆಂಟೀನಾದಲ್ಲೋ ಕಬಡ್ಡಿ ಹಾಗಿದೆಯೇ? ಕಪ್ಪು ಮೊದಲೋ ಆಟ ಮೊದಲೋ ಎಂಬುದೇ ನಿಜವಾದ ಜಗಳ.

ಆಟ ಹೇಗೆ ಹರಡಿತು ಎಂದು ನೋಡಿದರೆ ವಿಶ್ವಕಪ್‌ನ ಪಾಲು ಕಡಿಮೆ ಎಂದು ಒಪ್ಪಬೇಕಾಗುತ್ತದೆ. ಪಪುವಾ ನ್ಯೂಗಿನಿಯಲ್ಲಿ ರಗ್ಬಿ ಲೀಗ್ ಎಂದರೆ ಹುಚ್ಚು. ಆದರೆ ಅದು ಅಲ್ಲಿಗೆ ಬಂದದ್ದು ಆಸ್ಟ್ರೇಲಿಯಾದ ಚಿನ್ನದ ಗಣಿಯವರ, ಸೈನಿಕರ ಜೊತೆ. ಈಗ ಆ ದೇಶದ ತಂಡವೊಂದು 2028ರಿಂದ ಆಸ್ಟ್ರೇಲಿಯಾದ ಲೀಗ್ ಸೇರಲಿದೆ. ಅದಕ್ಕೆ ಹತ್ತು ವರ್ಷಕ್ಕೆ 60 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡುತ್ತಿರುವುದು ಆಸ್ಟ್ರೇಲಿಯಾ ಸರ್ಕಾರ, ಪೆಸಿಫಿಕ್‌ನಲ್ಲಿ ಚೀನಾ ಕಾಲೂರಬಾರದೆಂದು. (ಆಟಕ್ಕೆ ದುಡ್ಡು ಎಲ್ಲೆಲ್ಲಿಂದ ಬರುತ್ತದೆ ನೋಡಿ.) ಕಬಡ್ಡಿಯಲ್ಲೂ ಹೀಗೆಯೇ. 2016ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಭಾರತವನ್ನು 34–32ರಿಂದ ಬೀಳಿಸಿತು. ಆ ದಿನ ಕೊರಿಯಾದ ಬಲ ಜಾಂಗ್ ಕುನ್ ಲೀ. ಅವನು ಪಳಗಿದ್ದು 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯಲ್ಲಿ, ಬೆಂಗಾಲ್ ವಾರಿಯರ್ಸ್ ಪರ ಆಡುತ್ತ. ಇರಾನಿನ ಫಜಲ್ ಅತ್ರಾಚಲಿ, ಮೆರಾಜ್ ಶೇಖ್ ಕೂಡ ನಮ್ಮ ಟಿವಿಯಲ್ಲೇ ಪಳಗಿದವರು. ನಮ್ಮ ಕಡೆಯ ಹುಡುಗರು ಫಜಲ್‌ನ ಹಿಡಿತ ನೋಡಿ ಕಾರ್ನರ್ ಕಲಿಯುತ್ತಾರೆ. ಆ ವಿಶ್ವಕಪ್ ಫೈನಲ್‌ನ ಅರ್ಧದಲ್ಲಿ ಇರಾನ್ 18–13ರಿಂದ ಮುಂದಿತ್ತು. ಅಜಯ್ ಠಾಕೂರ್ ಒಬ್ಬನೇ 12 ಅಂಕ ತಂದು ಉಳಿಸದಿದ್ದರೆ 38–29ರ ಗೆಲುವು ನಮ್ಮದಾಗುತ್ತಿರಲಿಲ್ಲ. ಎರಡು ವರ್ಷ ಕಳೆದು ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇರಾನ್ ಭಾರತದ ಪುರುಷರನ್ನು ಸೆಮಿಫೈನಲ್‌ನಲ್ಲಿ, ಮಹಿಳೆಯರನ್ನು ಫೈನಲ್‌ನಲ್ಲಿ 27–24ರಿಂದ ಸೋಲಿಸಿತು. ಆ ಇರಾನಿ ಮಹಿಳೆಯರ ಕೋಚ್ ನಾಸಿಕದ ಶೈಲಜಾ ಜೈನ್.

ಇಲ್ಲಿ ಕೆಲಸ ಮಾಡಿದ್ದು ಯಾವುದು? ವರ್ಷ ವರ್ಷ ನಡೆದ ಲೀಗ್, ನಾಲ್ಕು ವರ್ಷಕ್ಕೊಮ್ಮೆ ಬರುವ ಏಷ್ಯನ್ ಗೇಮ್ಸ್ (1990ರ ಬೀಜಿಂಗ್‌ನಿಂದ ಪುರುಷರ ಕಬಡ್ಡಿ, 2010ರಿಂದ ಮಹಿಳೆಯರದು), ಹೊರದೇಶಕ್ಕೆ ಹೋಗಿ ಕಲಿಸಿದ ಒಬ್ಬ ಗುರು. ವಿಶ್ವಕಪ್ ಕೊನೆಯ ಸಾಲಿನಲ್ಲಿ ನಿಲ್ಲುತ್ತದೆ.

ಅಷ್ಟೇ ಅಲ್ಲ, ವಿಶ್ವಕಪ್‌ಗೆ ನಂಬಿಕೆಯ ದಿನಾಂಕವೇ ಇಲ್ಲ. ಪುರುಷರ ಕಬಡ್ಡಿಗೆ 2004, 2007, 2016. ಮಹಿಳೆಯರಿಗೆ 2012ರಲ್ಲಿ ಪಟ್ನಾ, ಆಮೇಲೆ 2025ರಲ್ಲಿ ಢಾಕಾ. ನಡುವೆ 13 ವರ್ಷ. ಪಟ್ನಾದಲ್ಲಿ ಕಾರ್ಕಳದ ಮಮತಾ ಪೂಜಾರಿ ಆಡಿದ್ದನ್ನು ನೋಡಿ ಕಬಡ್ಡಿ ಹಿಡಿದ ಹತ್ತು ವರ್ಷದ ಹುಡುಗಿ ಮುಂದಿನ ಕಪ್ ಬರುವಷ್ಟರಲ್ಲಿ ಇಪ್ಪತ್ತಮೂರರವಳಾಗಿ, ಬಹುಶಃ ಮದುವೆಯೂ ಆಗಿ, ಅಂಕಣ ಬಿಟ್ಟಿರುತ್ತಾಳೆ. ಸಾಲದ್ದಕ್ಕೆ ಎರಡು ಜಾಗತಿಕ ಸಂಸ್ಥೆಗಳ ಹಗ್ಗಜಗ್ಗಾಟ. 2025ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್, ಬರ್ಮಿಂಗ್‌ಹ್ಯಾಮ್ ಕಡೆ ಇನ್ನೊಂದು ಸಂಸ್ಥೆ ಬೇರೆಯೇ ವಿಶ್ವಕಪ್ ನಡೆಸಿತು. ಅದರಲ್ಲೂ ಭಾರತವೇ ಗೆದ್ದಿತು, ಇಂಗ್ಲೆಂಡ್ ಎದುರು 44–41ರಿಂದ. ಆದರೆ ಪ್ರೊ ಕಬಡ್ಡಿಯ ಹೆಸರಾಂತರು ಅಲ್ಲಿರಲಿಲ್ಲ. ಒಂದೇ ಆಟಕ್ಕೆ ಇಬ್ಬರು ವಿಶ್ವ ಚಾಂಪಿಯನ್ನರಾದರೆ ಆಟಗಾರನ ಪ್ರಮಾಣಪತ್ರಕ್ಕೆ ಎಷ್ಟು ಬೆಲೆ? ರಗ್ಬಿ ಲೀಗ್ ಇದರಲ್ಲೂ ಹಿಂದೆ ಬಿದ್ದಿಲ್ಲ. 2025ರ ಕಪ್ ನಡೆಸುತ್ತೇನೆಂದ ಫ್ರಾನ್ಸ್ 2023ರಲ್ಲಿ ಕೈ ಚೆಲ್ಲಿತು; ಟೂರ್ನಿ 2026ಕ್ಕೆ, ಆಸ್ಟ್ರೇಲಿಯಾಕ್ಕೆ ಸರಿಯಿತು. ಪುರುಷರ ತಂಡಗಳನ್ನು 16ರಿಂದ 10ಕ್ಕೆ ಇಳಿಸಿದರು.

ಪ್ರಮಾಣಪತ್ರದ ಮಾತು ಬಂತಲ್ಲ, ಅಲ್ಲೇ ಹುಡುಗರ ವಾದದ ಗಟ್ಟಿತನ ಇರುವುದು. ನಮ್ಮ ದೇಶದಲ್ಲಿ ಕ್ರೀಡಾ ಕೋಟಾದ ಅರ್ಜಿ ಕೇಳುವುದು ಆಟದ ಸೊಗಸನ್ನಲ್ಲ, ಮಟ್ಟವನ್ನು. ಜಿಲ್ಲೆಯೋ, ರಾಜ್ಯವೋ, ರಾಷ್ಟ್ರವೋ, ಅಂತರರಾಷ್ಟ್ರೀಯವೋ. ರೈಲ್ವೆ, ಪೊಲೀಸ್, ಅಂಚೆ ಇಲಾಖೆಯ ಬಾಗಿಲು ತೆರೆಯುವುದು ಆ ಒಂದು ಕಾಲಂ. ಎರಡೆಕರೆ ಕಬ್ಬಿನ ಮನೆಯ ಹುಡುಗಿಗೆ ಕ್ರಿಕೆಟ್‌ನಲ್ಲಿ ಭಾರತ ತಂಡ ಸೇರುವ ದಾರಿ ಎಷ್ಟು ಉದ್ದವೆಂದು ಎಲ್ಲರಿಗೂ ಗೊತ್ತು. ಖೋ ಖೋಗೆ ಬೇಕಾದದ್ದು ಎರಡು ಕಂಬ, ಒಂದಿಷ್ಟು ಬಯಲು, ಒಬ್ಬ ಪಿಟಿ ಮೇಷ್ಟ್ರು. ಕುರುಬೂರಿನ ಶಾಲೆಯ ಬಯಲಿಂದ ದೆಹಲಿಯ ಫೈನಲ್‌ಗೆ ಹೋಗಲು ಸಾಧ್ಯವಾಯಿತು ಎಂದರೆ, ಆ ಫೈನಲ್ ಇತ್ತು ಎಂಬುದೂ ಅದಕ್ಕೆ ಒಂದು ಕಾರಣ. ವಿಶ್ವಕಪ್ ಇಲ್ಲದಿದ್ದರೆ ಚೈತ್ರಾ ಎಂಬ ಹೆಸರು ಬೆಳಗಾವಿ ಜಿಲ್ಲೆಗೆ ಮುಟ್ಟುತ್ತಲೇ ಇರಲಿಲ್ಲ.

ಮುಟ್ಟಿದ ಮೇಲೆ ಆದದ್ದು ಮಾತ್ರ ಎರಡೂ ಕಡೆಯವರಿಗೆ ಸಾಕ್ಷಿ ಒದಗಿಸುತ್ತದೆ. ರಾಜ್ಯ ಸರ್ಕಾರ ಗೌತಮ್, ಚೈತ್ರಾ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಇಬ್ಬರೂ ಬೇಡವೆಂದರು. ನೆರೆಯ ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿ ಘೋಷಿಸಿತ್ತು, ಜೊತೆಗೆ ಸರ್ಕಾರಿ ನೌಕರಿಯ ಮಾತೂ ಇತ್ತು. ಗಡಿಯಲ್ಲಿರುವ ನಮಗೆ ಈ ಅಂತರ ಸ್ವಲ್ಪ ಹೆಚ್ಚೇ ಕಾಣುತ್ತದೆ. ಸಂಕೇಶ್ವರ ದಾಟಿದರೆ ಅರ್ಧ ಗಂಟೆಯಲ್ಲಿ ಮಹಾರಾಷ್ಟ್ರ. 'ಅದು ನಿಜವಾದ ವಿಶ್ವಕಪ್ ಅಲ್ಲ, ಐದು ಲಕ್ಷ ಸಾಕು' ಎಂದು ಸರ್ಕಾರ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಕಪ್‌ನ ಬೆಲೆಯ ಬಗ್ಗೆ ಎರಡು ರಾಜ್ಯಗಳು ಕೊಟ್ಟ ಅಭಿಪ್ರಾಯ ಆ ಎರಡು ಮೊತ್ತಗಳಲ್ಲೇ ಇತ್ತು. ನನ್ನ ಮಟ್ಟಿಗೆ ಆಟಗಾರರದೇ ಸರಿ. ಎದುರಾಳಿ ಎಷ್ಟು ಬಲದವನು ಎಂಬುದನ್ನು ಆರಿಸುವವರು ಆಟಗಾರರಲ್ಲ. ಪೋಲ್ ಡೈವ್‌ಗೆ ಮೊಣಕೈ ಸುಲಿಯುವುದು ಎದುರಿಗೆ ಕೊರಿಯಾ ಇದ್ದರೂ ಅಷ್ಟೇ, ನೇಪಾಳ ಇದ್ದರೂ ಅಷ್ಟೇ. ಹಾಗೆಂದು ಮಹಾರಾಷ್ಟ್ರದ ಮೊತ್ತವೇ ಅಳತೆಗೋಲು ಎಂದೂ ಹೇಳಲಾರೆ. ಒಬ್ಬರಿಗೆ ಕೋಟಿಗಟ್ಟಲೆ ಕೊಟ್ಟು ತಾಲ್ಲೂಕಿನಲ್ಲಿ ಒಂದು ಮ್ಯಾಟ್ ಇಲ್ಲವೆಂದರೆ ಅದೂ ಒಂದು ಉದ್ಘಾಟನಾ ಸಮಾರಂಭದ ಖರ್ಚಿನಂತೆಯೇ. ನಮ್ಮ ಹುಡುಗರು ಮಣ್ಣಿನಲ್ಲಿ ಆಡಿ ಬೆಳೆದು, ಆಯ್ಕೆಗೆ ಹೋದ ದಿನ ಮೊದಲ ಸಲ ಮ್ಯಾಟ್ ಮೆಟ್ಟಿ ಕಾಲು ಜಾರುವುದು ಇವತ್ತಿಗೂ ನಿಂತಿಲ್ಲ.

ಹಾಗಾದರೆ ತಕ್ಕಡಿ ಯಾವ ಕಡೆ ವಾಲಿತು? ಕಪ್ ಬೇಡ ಎನ್ನುವವರು ಸರಿಯಾಗಿ ತೋರಿಸಿದ್ದು ದೋಷವನ್ನು. ಆದರೆ ಕಪ್ಪನ್ನೇ ತೆಗೆದರೆ ಆ ದೋಷ ಹೋಗುವುದಿಲ್ಲ, ಆಡುವವರಷ್ಟೇ ಹೋಗುತ್ತಾರೆ. ಕಪ್ ಬೇಕು ಎನ್ನುವವರು ಸಮೋವಾ, 1983 ತೋರಿಸುವಾಗ ಆ ಗೆಲುವಿನ ಹಿಂದಿದ್ದ ವರ್ಷಗಟ್ಟಲೆಯ ಸಣ್ಣ ಪಂದ್ಯಗಳನ್ನು ಹೇಳುವುದಿಲ್ಲ. ಸಮೋವಾದ ಆ ಹುಡುಗರು ವಾರವಾರ ಆಸ್ಟ್ರೇಲಿಯಾದ ಲೀಗ್‌ನಲ್ಲಿ ಆಡಿ ಪಳಗಿದವರು. ನಾನು ಕಪ್ ಇರಲಿ ಎನ್ನುವವರ ಕಡೆಗೇ, ಆದರೆ ಒಂದು ಷರತ್ತಿನ ಮೇಲೆ: ಮೊದಲ ಕಪ್ ಎಷ್ಟು ಅದ್ದೂರಿಯಾಗಿತ್ತು ಎಂಬುದನ್ನಲ್ಲ, ಎರಡನೆಯದು ಹೇಳಿದ ತಾರೀಖಿಗೆ ಬಂತೇ ಎಂಬುದನ್ನು, ನಡುವೆ ಎಷ್ಟು ಪಂದ್ಯ ನಡೆದವು ಎಂಬುದನ್ನು ನೋಡಿ ಅನುದಾನ ಕೊಡಬೇಕು.

ಅದಕ್ಕೆ ಇಪ್ಪತ್ತು ದೇಶ ಕರೆಯಬೇಕಾಗಿಲ್ಲ. ಖೋ ಖೋದ ಎರಡೂ ಫೈನಲ್ ತಲುಪಿದ ನೇಪಾಳ ಪಕ್ಕದಲ್ಲೇ ಇದೆ. ಪುರುಷರ ಮೊದಲ ಪಂದ್ಯದಲ್ಲೂ ಅವರೇ ಎದುರಾಳಿ, ಆಗ ನಾವು ಗೆದ್ದದ್ದು 42–37ರಿಂದ, ಐದೇ ಅಂಕ. ಅದು ಜೋಡಿ ಸರಿ ಇದ್ದ ಆಟ. ವರ್ಷಕ್ಕೊಮ್ಮೆ ಮೂರು ಪಂದ್ಯಗಳ ಸರಣಿ ಇಟ್ಟು, ಅದರಲ್ಲಿ ಒಂದನ್ನು ಬೆಂಗಳೂರಿಗೆ ಕೊಡದೆ ಬೆಳಗಾವಿಗೆ ಕೊಟ್ಟರೆ ಮೂಡಲಗಿ, ಗೋಕಾಕ, ಹುಕ್ಕೇರಿಯಿಂದ ಟಂಟಂ ತುಂಬಿಕೊಂಡು ಜನ ಹೋಗುತ್ತಾರೆ. ಟಿಕೆಟ್ ಇಟ್ಟರೂ ಹೋಗುತ್ತಾರೆ.